ಗುಳುಮುಳುಕದ ಸಂಸಾರ

ಹಂಸವೆಂದೊಡನೆ ನಮಗೆ ನಳದಮಯಂತಿಯರ ಕಥೆ ನೆನಪಾಗುತ್ತದೆ. ಆದರೆ ನಿಜವಾದ ಹಂಸವು ಕನ್ನಡನಾಡಿನ ಕೆರೆಗಳಲ್ಲಿ ಗೂಡು ಕಟ್ಟುವುದಿಲ್ಲ. ಯೂರೋಪಿನ ಸರೋವರಗಳಲ್ಲಿ ಮೂಕಹಂಸವು ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತೇಲುವ ಚಿತ್ರವನ್ನು ವಾಚಕರು ನೋಡಿರಬಹುದು. ಅಂಥ ದೃಶ್ಯವನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಜೆ.ಪಿ. ನಗರದ 7ನೆಯ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆಯಿದೆ. ಸುತ್ತಲಿನ ನಾಗರಿಕರು 2010ರಲ್ಲಿ ಒಂದು ನ್ಯಾಸವನ್ನು ರಚಿಸಿಕೊಂಡು ಅದರ ರಕ್ಷಣೆಗೆ ನಿಂತರು. ಅಲ್ಲಿ ಮರಿಗಳನ್ನು ಹೊತ್ತು ತಿರುಗುವ ಹಕ್ಕಿಯೇ ಗುಳುಮುಳುಕ.

ಗುಳುಮುಳುಕವು 25ರಿಂದ 29 ಸೆಂ.ಮೀ. ಉದ್ದದ ಪುಟ್ಟ ನೀರುಹಕ್ಕಿ. ನೋಟಕ್ಕೆ ಬಾತಿನಂತಿದ್ದರೂ ಬಾತಿನ ಕುಲಕ್ಕೆ ಸೇರಿದುದಲ್ಲ. ಕಾಲುಗಳು ದೇಹದ ತೀರ ಹಿಂಭಾಗದಲ್ಲಿರುವುದರಿಂದ ನೆಲದ ಮೇಲೆ ನಡೆಯುವುದು ಅದಕ್ಕೆ ಪ್ರಯಾಸ. ನೀರಿನಲ್ಲಿಯಾದರೋ ಅವೇ ಕಾಲುಗಳು ಹುಟ್ಟುಗಳಾಗುತ್ತವೆ. ಕಣ್ಣೆದುರಿಗೇ ಮುಳುಗಿ, ನಾವೆಣಿಸದ ಕಡೆ ಮೇಲೇಳುತ್ತದೆ. ನೀರುಗಿಡಗಳನ್ನು ಒಟ್ಟಿ, ಜೊಂಡಿಗೆ ತಗುಲಿಸಿ, ತೇಲುವ ಗೂಡು ಕಟ್ಟುತ್ತದೆ. ಗಂಡುಹೆಣ್ಣುಗಳೆರಡೂ ಸರದಿಯಿಂದ ಸುಮಾರು 20 ದಿನ ಕಾವು ಕೊಡುತ್ತವೆ. ಗೂಡನ್ನು ಬಿಟ್ಟೇಳುವಾಗ ಮೊಟ್ಟೆಗಳ ಮೇಲೆ ಹಸುರನ್ನು ಎಳೆದು ಮುಚ್ಚುವುದು ಅವುಗಳ ವಾಡಿಕೆ. ಮುಚ್ಚುವಷ್ಟು ಸಮಯ ಸಿಗಬೇಕು, ಅಷ್ಟೆ.

ಆ ಸಮಯವನ್ನು ನಾನು ಕೊಡಲಿಲ್ಲ. ಒಂದು ಮಳೆಗಾಲದ ಮುಂಜಾನೆ ದಾರಿಯ ಅಂಚಿನಿಂದ ಸುಮಾರು 20 ಮೀಟರ್ ದೂರದಲ್ಲಿ ಗೂಡು ಕಂಡಿತು. ಹಕ್ಕಿ ಎದ್ದು ಮೊಟ್ಟೆಗಳನ್ನು ಹೊರಳಿಸಿದಾಗ ನಾಲ್ಕನ್ನು ಎಣಿಸಿದೆ. ಚಿತ್ರ ಇನ್ನೂ ದೊಡ್ಡದಾಗಲೆಂಬ ಆಸೆಯಿಂದ ಇಳಿಜಾರಿನಲ್ಲಿ ನೀರಂಚಿಗೆ ಇಳಿದೆ. ಹಕ್ಕಿ ಬೆದರಿ, ಏನನ್ನೂ ಮುಚ್ಚದೆ ನೀರಿಗೆ ಜಾರಿತು. ನಾನು ಹಿಂದಿರುಗುವಷ್ಟರಲ್ಲಿ ಕಾಗೆಯೊಂದು ಎರಗಿ ಒಂದು ಮೊಟ್ಟೆಯನ್ನು ಕಚ್ಚಿಕೊಂಡು ಹೋಯಿತು. ಉಳಿದುವು ಮೂರು.

ವಿಷಾದವೆಂದರೆ, ನಾನು ತರಗತಿಯಲ್ಲಿ ಪ್ರತಿವರ್ಷ ಬೋಧಿಸುವ ಪಾಠವನ್ನೇ ಅಂದು ಮರೆತಿದ್ದೆ. ದೂರದ ವಸ್ತುವಿನ ಬಿಂಬದ ಅಳತೆಯನ್ನು ತಿಳಿಯಲು ವಸ್ತುವಿನ ಉದ್ದವನ್ನು ಮಸೂರದ ಸಂಗಮದೂರದಿಂದ ಗುಣಿಸಿ, ವಸ್ತುವಿರುವ ದೂರದಿಂದ ಭಾಗಿಸಿದರೆ ಸಾಕು. 400 ಮಿ.ಮೀ. ಸಂಗಮದೂರದ ಮಸೂರದಲ್ಲಿ, 20 ಮೀಟರ್ ಆಚೆಯ 25 ಸೆಂ.ಮೀ. ಹಕ್ಕಿಯ ಬಿಂಬ 5 ಮಿ.ಮೀ. ಇರುತ್ತದೆ. 10 ಮೀಟರಿಗೆ ಸರಿದರೆ 10 ಮಿ.ಮೀ. ಆಗುವುದು ನಿಜ. ಆದರೆ ನಿಂತಲ್ಲಿಯೇ ನಿಂತು 800 ಮಿ.ಮೀ. ಮಸೂರವನ್ನು ಬಳಸಿದರೂ ಫಲ ಅದೇ! ಅದಿಲ್ಲದಿದ್ದರೆ 5 ಮಿ.ಮೀ. ಬಿಂಬವನ್ನೇ ಆಮೇಲೆ ಹಿಗ್ಗಿಸಿ ನೋಡಬಹುದು. ಮುಂದೆ ಹೆಜ್ಜೆಯಿಡುವ ಅಗತ್ಯವೇ ಇರಲಿಲ್ಲ.

ಹಕ್ಕಿಗೆ ನಮ್ಮ ಇರವು ತಿಳಿಯಬಾರದೆಂಬ ವಿವೇಕ ಹೊಸದೇನೂ ಅಲ್ಲ. 1892ರಲ್ಲಿ ಮೊಟ್ಟೆಗಳಿರುವ ಹಕ್ಕಿಗೂಡಿನ ಛಾಯಾಚಿತ್ರ ತೆಗೆದ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಸೋದರರು, ಮುಂದೆ ಎತ್ತಿನ ಚರ್ಮದಿಂದ ಒಂದು ಟೊಳ್ಳು ಎತ್ತನ್ನೇ ಮಾಡಿಸಿ ಅದರೊಳಗೆ ಅಡಗಿ ಕುಳಿತರು. ನನಗೆ ಅಂಥ ಎತ್ತು ಬೇಕಾಗಲಿಲ್ಲ. ದಾರಿಯ ಅಂಚಿನ ಒಂದು ಹೊಂಗೆಯ ಮರದ ಮರೆಯಲ್ಲಿ ಮುಕ್ಕಾಲಿಯನ್ನಿಟ್ಟು, ಪ್ರತಿ ಭಾನುವಾರ ಅಲ್ಲಿಂದಲೇ ಚಿತ್ರ ತೆಗೆಯತೊಡಗಿದೆ.

ಮೂರು ಮೊಟ್ಟೆಗಳೂ ಒಡೆದು ಮರಿಗಳಾದವು. ಮೈಮೇಲೆ ಕಪ್ಪುಬಿಳುಪು ಪಟ್ಟೆಗಳು. ಈಜಬಲ್ಲವಾದರೂ ಬೇಗ ಚಳಿಗೆ ನಡುಗುವ ಎಳೆಯ ಮೈ. ಆದುದರಿಂದಲೇ ಅವು ಹಿರಿಯ ಹಕ್ಕಿಯ ಬೆನ್ನೇರಿ ರೆಕ್ಕೆಯಡಿ ಅಡಗುತ್ತಿದ್ದವು. ಹೊತ್ತದ್ದು ತಾಯಿಯೋ ತಂದೆಯೋ ಹೇಳಲಾರೆ. ನೋಟಕ್ಕೆ ಎರಡೂ ಒಂದೇ.

ಮರಿಗಳ ಬೆಳವಣಿಗೆಯನ್ನು ಮುಟ್ಟದೆ ಅಳೆಯುವುದು ಹೇಗೆ? ಹಕ್ಕಿಗಳು ಒಂದು ವಾರ ಹತ್ತಿರ, ಇನ್ನೊಂದು ವಾರ ದೂರ ಇರುವುದರಿಂದ ಬಿಂಬಗಳ ಅಳತೆಯನ್ನು ನೇರವಾಗಿ ಹೋಲಿಸಲಾಗದು. ಆದರೆ ಮರಿಯೂ ಹಿರಿಯ ಹಕ್ಕಿಯೂ ಅಕ್ಕಪಕ್ಕದಲ್ಲಿ, ಒಂದೇ ದೂರದಲ್ಲಿ, ಪಾರ್ಶ್ವವನ್ನು ತೋರಿಸುತ್ತ ತೇಲುವ ಚಿತ್ರವನ್ನು ಆರಿಸಿಕೊಂಡು ಒಂದರ ಉದ್ದವನ್ನು ಇನ್ನೊಂದರಿಂದ ಭಾಗಿಸಿದರೆ, ದೂರವೆಂಬುದೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಹಿರಿಯ ಹಕ್ಕಿಯೇ ನಮ್ಮ ಅಳತೆಗೋಲು! ಮೊದಲ ವಾರ ಮರಿಯು ಹಿರಿಯ ಹಕ್ಕಿಯ ಮೂರನೆಯ ಒಂದು ಪಾಲಿನಷ್ಟಿತ್ತು. ನಾಲ್ಕನೆಯ ವಾರದಲ್ಲಿ ಮೂರನೆಯ ಎರಡು ಪಾಲನ್ನು ದಾಟಿತು. ಆರನೆಯ ವಾರದಲ್ಲಿ ಕೆನ್ನೆಯ ಪಟ್ಟೆಗಳನ್ನು ಬಿಟ್ಟರೆ ಗಾತ್ರದಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟವಾಯಿತು. ಹಂಸದ ಮರಿ ಹಾರಲು ನಾಲ್ಕೈದು ತಿಂಗಳು ಬೇಕು. ಗುಳುಮುಳುಕಕ್ಕೆ ಸುಮಾರು 45 ದಿನಗಳೇ ಸಾಕು.

ಏಳನೆಯ ಭಾನುವಾರ ಮೂರು ಮರಿಗಳೂ ಬೇರೆ ಬೇರೆ ಕಡೆ ತಾವೇ ಮುಳುಗಿ ಆಹಾರ ಹಿಡಿಯುತ್ತಿದ್ದವು. ನನ್ನ ಚಿತ್ರಗಳಲ್ಲಿ ಒಳ್ಳೆಯವೆಲ್ಲ ಆ ಮರದ ಮರೆಯಿಂದ ತೆಗೆದವು. ಹತ್ತಿರ ಹೋಗಿ ತೆಗೆದ ಚಿತ್ರ ಒಂದೇ ಒಂದು. ಅದರಲ್ಲಿರುವುದು ತೆರೆದ ಗೂಡು ಮಾತ್ರ. ವಿದ್ಯಾರ್ಥಿಮಿತ್ರರು ಕ್ಯಾಮೆರಾ ಹಿಡಿದು ಕೆರೆಗೆ ಹೋಗುವುದಾದರೆ ಇಷ್ಟನ್ನು ನೆನಪಿನಲ್ಲಿಡಲಿ: ಹಕ್ಕಿಯು ನಮ್ಮತ್ತ ತಲೆಯೆತ್ತಿ ನೋಡಿತೆಂದರೆ, ನಾವು ಆಗಲೇ ಬೇಕಾದುದಕ್ಕಿಂತ ಹತ್ತಿರ ಬಂದಿದ್ದೇವೆ.