ಬೆಂಕಿ ರೇಖೆಯ ಗುಂಟ

ಹುಣಸೂರು ದಾಟಿ ಎಚ್.ಡಿ. ಕೋಟೆಯ ಕಾಡಂಚಿಗೆ ಹೊರಳಿಕೊಂಡರೆ ದಾರಿಯ ಎರಡೂ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳು ಸಿಗುತ್ತವೆ. ಮಾಘದ ಹೊತ್ತಿಗೆ ಬೇಯಿಸುವ ಕೆಲಸ ಮುಗಿದು ಖಾಲಿ ನಿಂತಿರುತ್ತವೆ, ಪಕ್ಕದಲ್ಲಿ ಉರಿಯದೆ ಉಳಿದ ಸೌದೆಯ ರಾಶಿ. ಪಿರಿಯಾಪಟ್ಟಣವೂ ಸೇರಿ ಈ ಮೂರು ತಾಲ್ಲೂಕುಗಳ ಹೊಗೆಸೊಪ್ಪಿಗೆ ಸೌದೆ ಬೇಕೇ ಬೇಕು. ಕೆ.ಆರ್. ನಗರದ ನಾಲೆ ನೀರಿನ ಗದ್ದೆಬಯಲು ನೋಡಿ ಬಂದವರಿಗೆ ಇದು ಬೇರೆಯೇ ಸೀಮೆ ಅನ್ನಿಸುತ್ತದೆ. ಬ್ಯಾರನ್ ಹಿಂದೆ ಹುರುಳಿ ಕಿತ್ತ ಹೊಲ, ಹೊಲದಾಚೆ ಆನೆ ಕಂದಕ, ಅದರಾಚೆ ನಾಗರಹೊಳೆಯ ಕಾಡು.

ನಾನು ಹೋದ ಹಾಡಿ ಕಂದಕದ ಈಚೆಗಿದೆ. ಹೆಚ್ಚಿನವು ಜೇನುಕುರುಬರ ಮನೆಗಳು, ಕೊನೆಯ ಸಾಲಿನಲ್ಲಿ ಕೆಲವು ಯರವರದು. ಹಾಡಿಯ ಹೆಸರು ಬರೆಯುವುದು ಬೇಡ ಅನ್ನಿಸಿತು. ಇಲ್ಲಿನ ಹಿರಿಯರು ಹುಟ್ಟಿದ್ದು ಕಂದಕದ ಆಚೆ. ಆ ಕಾಡು 1955ರಲ್ಲಿ ಅಭಯಾರಣ್ಯವಾಯಿತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿದು ತಗ್ಗಿನ ಕಾಡು ನೀರಿನಡಿ ಹೋಯಿತು. ಎಂಬತ್ತರ ದಶಕದಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆ. ಈ ವರ್ಷಗಳ ನಡುವೆ ಹಾಡಿಗಳು ಒಂದೊಂದಾಗಿ ಹೊರಬಂದವು. ಹೈಕೋರ್ಟ್ ನೇಮಿಸಿದ್ದ ಸಮಿತಿ 2014ರಲ್ಲಿ ಕೊಟ್ಟ ವರದಿ, ಪುನರ್ವಸತಿ ಸಿಗಬೇಕಾದ ಇಂಥ ಕುಟುಂಬಗಳು 3,418 ಎಂದು ಗುರುತಿಸಿತು.

ಹಾಡಿಯವರು ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಸಸಿಮಡಿಗೆ. ಬಿದಿರ ಚಪ್ಪರದಡಿ ಕಪ್ಪು ಪ್ಲಾಸ್ಟಿಕ್ ಚೀಲಗಳ ಸಾಲುಗಳು. ಮಡಿ ನೋಡಿಕೊಳ್ಳುವ ಅಕ್ಕ ಒಂದೊಂದನ್ನೇ ತೋರಿಸುತ್ತ ಹೋದರು: ಮತ್ತಿ, ಹೊನ್ನೆ, ತಾರೆ, ಅಳಲೆ, ನೇರಳೆ, ನೆಲ್ಲಿ, ಸೀಗೆ. ನಾಲ್ಕೆಲೆಯ ಸಸಿಗಳಲ್ಲಿ ಮತ್ತಿ ಯಾವುದು, ತಾರೆ ಯಾವುದು ಅಂತ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಅವರಿಗಾದರೆ ಯಾವ ಬೀಜ ಯಾವ ಮರದಡಿ ಆರಿಸಿದ್ದು ಅನ್ನುವುದೂ ನೆನಪಿದೆ. ಜಿಂಕೆ ನೆಲ್ಲಿಕಾಯಿ ತಿಂದು, ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಅಂಥ ಬೀಜವನ್ನೇ ಹೆಕ್ಕಿ ತರುವುದಂತೆ. ತೇಗದ ಸಸಿ ಕಾಣಲಿಲ್ಲವಲ್ಲ ಎಂದು ಕೇಳಿದೆ. “ತೇಗ ನಮ್ಮಜ್ಜಂದಿರ ಕೈಲೇ ನೆಡ್ಸಿದ್ರು. ಅದ್ರಡಿ ಆನೆಗೇನು ಸಿಗ್ತದೆ, ಜೇನಿಗೇನು ಸಿಗ್ತದೆ?” ಅಂದರು. ನಾಗರಹೊಳೆಯೊಳಗಿನ ಹಳೆಯ ತೇಗದ ನೆಡುತೋಪುಗಳ ಹಿಂದೆ ಈ ಜನರ ಕೂಲಿಯಿದೆ. ಕಾಡು ಸವರಿ ತೇಗ ಬೆಳೆಸಬೇಕಾದಾಗ ಇವರು ಕಾಡಿನೊಳಗೆ ಇರುವುದು ಯಾರಿಗೂ ತೊಡಕಾಗಿರಲಿಲ್ಲ.

ಮಡಿಯ ಹಿಂದೆ ಲಂಟಾನ ಶುರು. ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ತಂದ ಗಿಡ, ಈಗ ಆಳೆತ್ತರದ ಗೋಡೆ. ಇದರಡಿ ಹುಲ್ಲು ಬೆಳೆಯುವುದಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲುವುದಿಲ್ಲ. ಕೆಲವರು ಅದನ್ನು ಕೀಳುತ್ತಿದ್ದರು. ನಾನು ಕತ್ತಿಯಲ್ಲಿ ಸವರುತ್ತಾರೆಂದು ತಿಳಿದಿದ್ದೆ. ಅವರು ಗುದ್ದಲಿಯಿಂದ ಬುಡದ ಸುತ್ತ ಮಣ್ಣು ಕೆದಕಿ, ನೆಲಮಟ್ಟಕ್ಕಿಂತ ಕೆಳಗೆ ತಾಯಿಬೇರಿಗೆ ಏಟು ಹಾಕಿ, ಇಡೀ ಮೆಳೆಯನ್ನು ಬೇರು ಮೇಲಾಗುವಂತೆ ಮಗುಚಿಡುತ್ತಿದ್ದರು. “ಮೇಲ್ಗಡೆ ಕುಯ್ದ್ರೆ ಒಂದು ಮಳೆಗೆ ಮತ್ತೆ ಚಿಗುರ್ತದೆ, ಸಾರ್. ಬುಡ ಆಕಾಶ ನೋಡ್ಬೇಕು.” ತೆರವಾದ ಜಾಗದಲ್ಲಿ ಆಗಲೇ ಕರಿಕೆ ಹಬ್ಬಿತ್ತು. ಹಕ್ಕಿಗಳು ಕೂರುವ ಮರಗಳ ಕೆಳಗೆ ಮಾತ್ರ ಲಂಟಾನದ ಎಳೆಸಸಿಗಳು ಮತ್ತೆ ಎದ್ದಿದ್ದವು. ಹಣ್ಣು ತಿಂದ ಪಿಕಳಾರ ಅಲ್ಲೇ ಬೀಜ ಉದುರಿಸಿರುತ್ತದೆ. ಅಂಥ ಮರಗಳನ್ನು ಗುರುತಿಟ್ಟು ಎರಡು ಮೂರು ಮಳೆಗಾಲ ಬಿಡದೆ ನೋಡಿಕೊಳ್ಳಬೇಕು. ಕೂಲಿ ಸಿಗುವುದು ಮೊದಲ ಸಲ ಕೀಳುವುದಕ್ಕೆ ಮಾತ್ರ. ಆಮೇಲಿನದನ್ನು ದನ ಮೇಯಿಸಲು ಹೋದವರು ಹಾಗೇ ಕಿತ್ತು ಬರುತ್ತಾರೆ. ಈ ಕೆಲಸಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ.

ಮುಂದೆ ಬೆಂಕಿ ರೇಖೆ. ಹುಲ್ಲು, ತರಗು ಎಲ್ಲ ಸವರಿ ಸುಟ್ಟು ಬೋಳು ಮಾಡಿದ ಅಗಲವಾದ ಪಟ್ಟಿ, ಕಾಡಿನೊಳಗೆ ಕಣ್ಣು ಹಾಯುವಷ್ಟು ದೂರ ಹೋಗಿದೆ. ಒಂದು ಬದಿಗೆ ಬೆಂಕಿ ಬಿದ್ದರೆ ಇನ್ನೊಂದು ಬದಿಗೆ ದಾಟಬಾರದು. ಬೇಸಿಗೆ ಮುಗಿಯುವವರೆಗೆ ಇದನ್ನು ಕಾಯುವವರಲ್ಲಿ, ಕಳ್ಳಬೇಟೆ ತಡೆ ಶಿಬಿರದಲ್ಲಿ ರಾತ್ರಿ ಕಳೆಯುವವರಲ್ಲಿ, ದಸರೆಯ ಆನೆಗಳ ಮಾವುತ ಕಾವಾಡಿಗಳಲ್ಲಿ ಹಾಡಿಗಳ ಹುಡುಗರು ಬಹಳ. ಬೂದಿಯ ಮೇಲೆ ನಡೆಯುತ್ತ, ಜೊತೆಗಿದ್ದ ಹಿರಿಯರನ್ನು ಹಿಂದೆ ಹೇಗಿತ್ತು ಅಂತ ಕೇಳಿದೆ. ಬೇಸಿಗೆ ಏರುವ ಮುಂಚೆ, ಹುಲ್ಲು ಅರೆಹಸಿ ಇರುವಾಗ, ಅಲ್ಲಲ್ಲಿ ಕಿರುಬೆಂಕಿ ಇಟ್ಟು ತರಗು ಸುಡುತ್ತಿದ್ದರಂತೆ. ಮೊಣಕಾಲೆತ್ತರದ ಉರಿ, ಮರಕ್ಕೆ ಏರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನೇ ತರಗು ಬೆಂಕಿ ಅನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಹೆಚ್ಚಿತು, ನೆಲ್ಲಿ ಮರಕ್ಕೆ ಬಂದಣಿಕೆ ಹತ್ತಿತು ಅನ್ನುವುದು ಅವರ ಅನುಭವ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಂಥ ಬೆಂಕಿ ಅಪರಾಧ. ಆ ಪದ್ಧತಿಯನ್ನು ಇವತ್ತಿನ ಕಾಡಿಗೆ ಹಾಗೇ ತರಬೇಕೆಂದು ನಾನು ಹೇಳಲಾರೆ. ಲಂಟಾನ ಇಷ್ಟು ತುಂಬಿರುವಾಗ ಸಣ್ಣ ಉರಿಯೂ ಮರದ ನೆತ್ತಿಗೆ ಏರಬಹುದು. ಆದರೂ ಬೆಂಕಿಯ ಗುಣ ಬಲ್ಲವರಿಗೆ ಬೆಂಕಿ ಕಾಯುವ ಕೂಲಿ ಮಾತ್ರ ಕೊಟ್ಟು, ರೇಖೆ ಎಲ್ಲಿ ಹಾಯಬೇಕು ಅನ್ನುವುದನ್ನು ಅವರನ್ನು ಕೇಳದೆ ತೀರ್ಮಾನಿಸುವುದು ಸರಿಯಲ್ಲ.

ರೇಖೆಯ ತುದಿಯಲ್ಲಿ ನೆಲ ಇಳಿದು ಹಡ್ಲು ಸಿಕ್ಕಿತು: ಮರಗಳ ನಡುವೆ ಬಟ್ಟಬಯಲು, ಈ ಬಿಸಿಲಲ್ಲೂ ಹಸಿ ಹುಲ್ಲು. ಮುಂದಕ್ಕೆ ಹೋಗಲು ಅನುಮತಿಯಿಲ್ಲ, ಅಂಚಿನಲ್ಲೇ ನಿಂತೆವು. ಕೆಸರಿನಲ್ಲಿ ಆನೆ ಹೆಜ್ಜೆ ನನಗೂ ತಿಳಿಯಿತು. ಪಕ್ಕದ ಚಿಕ್ಕ ಹೆಜ್ಜೆ ಹುಲಿಯದೋ ಚಿರತೆಯದೋ ಎಂದು ಅನುಮಾನಿಸುತ್ತಿರುವಾಗ, ಜೊತೆಗಿದ್ದ ಹುಡುಗ ಬಗ್ಗಿ ನೋಡಿ, ಚಿರತೆ, ನಿನ್ನೆ ಬೈಗಿನದು ಅಂದ. ಹೆಜ್ಜೆಯ ಅಂಚು ಒಣಗಿದ ರೀತಿಯನ್ನು ಬೆರಳಿಟ್ಟು ತೋರಿಸಿದ.

ಹಿಂತಿರುಗುವ ದಾರಿಯಲ್ಲಿ ಹೆಜ್ಜೇನಿನ ಮರ. ಕೊಂಬೆಗಳಡಿ ಹಳೆಯ ತಟ್ಟಿಗಳ ಕಲೆ ಮಾತ್ರ ಇತ್ತು. ಹುಳ ಇನ್ನೂ ಪೂರ್ತಿ ಬಂದಿರಲಿಲ್ಲ. ಜೇನು ಇಳಿಸುವುದು ಬೇಸಿಗೆಯ ಕೊನೆಗೆ, ಕತ್ತಲಲ್ಲಿ, ಹೊಗೆ ಕೊಟ್ಟು. ತುಪ್ಪದ ಭಾಗವನ್ನಷ್ಟೇ ಕೊಯ್ದು ಮರಿಯಿರುವ ತಟ್ಟಿಯನ್ನು ಬಿಡುತ್ತಾರೆ. ಕಾಡುಗೆಣಸು ಅಗೆದಾಗಲೂ ಹೀಗೆ, ಬಳ್ಳಿಯ ತಲೆಭಾಗವನ್ನು ಮತ್ತೆ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತಾರೆ. ಮಕ್ಕಳಿಗೆ ಇದನ್ನು ಹೇಳಿಕೊಡುವುದು ಹೇಗೆ ಎಂದು ಕೇಳಿದ್ದಕ್ಕೆ ಅಕ್ಕ, ಕರ್ಕೊಂಡು ಹೋದ್ರಲ್ವಾ ಕಲಿಯೋದು, ಈಗ ಕರ್ಕೊಂಡು ಹೋಗೋಕೆ ಬಿಡಲ್ಲ ಅಂದರು.

ಕೊನೆಗೆ ಹಾಡಿಯ ಸಮುದಾಯ ಭವನ. ಅರಣ್ಯ ಹಕ್ಕು ಸಮಿತಿಯ ಕಡತ ಇರುವುದು ಇಲ್ಲಿ. ಯಜಮಾನರು ಒಂದು ಬಟ್ಟೆಯನ್ನು ನೆಲದ ಮೇಲೆ ಹರಡಿದರು. ಕೈಯಲ್ಲಿ ಬರೆದ ನಕ್ಷೆ. ದೇವರ ಗುಡಿಗಳು, ಹಿರಿಯರನ್ನು ಮಣ್ಣು ಮಾಡಿದ ಜಾಗ, ಜೇನಿನ ಮರಗಳು, ಗೆಣಸಿನ ದಿಣ್ಣೆ, ಬೇಸಿಗೆಯಲ್ಲಿ ಬತ್ತದ ನೀರು, ಎಲ್ಲಕ್ಕೂ ಬೇರೆ ಬೇರೆ ಬಣ್ಣ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಸೆಕ್ಷನ್ ಸಮುದಾಯದ ಕಾಡನ್ನು ಕಾಪಾಡುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕನ್ನು ಕೊಡುತ್ತದೆ; ಐದನೇ ಸೆಕ್ಷನ್ ಗ್ರಾಮಸಭೆಗೆ ಆ ಹೊಣೆಯ ಅಧಿಕಾರ ಕೊಡುತ್ತದೆ. ಆ ಹಕ್ಕಿಗೆಂದು ಹಾಕಿದ ಅರ್ಜಿಗೆ ಈ ನಕ್ಷೆ ಲಗತ್ತು. ಅರ್ಜಿ ತೀರ್ಮಾನವಾಗದೆ ಉಳಿದಿದೆ. ಬೆಂಕಿ ರೇಖೆ ಹಡ್ಲಿನ ಯಾವ ಮಗ್ಗುಲಿಗೆ ಹೋಗಬೇಕಿತ್ತು ಅನ್ನುವುದು ಬಟ್ಟೆಯ ಮೇಲೆ ನನ್ನಂಥವನಿಗೂ ಕಾಣುತ್ತಿತ್ತು: ಗುಡಿಯನ್ನೂ ಜೇನಿನ ಮರವನ್ನೂ ಒಳಗಿಟ್ಟುಕೊಂಡು, ತುಸು ಬಳಸಿ.

ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ, ದೇಶದಲ್ಲೇ ಮೊದಲು ಎಂದು ನಾನು ಹೇಳಿದೆ. ಯಜಮಾನರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಆ ಹಕ್ಕುಪತ್ರದ ಜೆರಾಕ್ಸ್. ಅಲ್ಲಿ ಏನೆಂದು ಬರೆದಿದ್ದಾರೋ ಅದೇ ಮಾತಿನಲ್ಲಿ ತಮ್ಮ ಮುಂದಿನ ಗ್ರಾಮಸಭೆಯ ನಿರ್ಣಯ ಬರೆಸಬೇಕಂತೆ. ಹುಡುಕಿ ಕಳಿಸುತ್ತೇನೆ ಎಂದು ಅವರ ವಿಳಾಸ ಬರೆದುಕೊಂಡೆ.