ಹಾಲೆರೆಯುವ ದಿನದ ಊರೊಪ್ಪಂದ

ಶ್ರಾವಣದ ನೂಲ ಹುಣ್ಣಿಮೆ ಕರಾವಳಿಯ ಮೊಗವೀರರಿಗೆ ಸಮುದ್ರಪೂಜೆಯ ದಿನ. ಮಲ್ಪೆಯಲ್ಲಿ ವಡಭಾಂಡೇಶ್ವರದ ಬಲರಾಮನಿಗೂ ಬೊಬ್ಬರ್ಯ ದೈವಕ್ಕೂ ಕೈಮುಗಿದು ಮೆರವಣಿಗೆ ಕಿನಾರೆಗೆ ಇಳಿಯುತ್ತದೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಹಾಲೆರೆಯುತ್ತಾರೆ, ಸೀಯಾಳ, ಹೂವು, ಹಣ್ಣು ಒಪ್ಪಿಸುತ್ತಾರೆ. ಹೋದ ಬೋಟುಗಳು ಕ್ಷೇಮವಾಗಿ ಮರಳಲಿ, ಮೀನು ಹೇರಳವಾಗಿ ಸಿಗಲಿ ಎಂದು ಬೇಡಿಕೊಳ್ಳುತ್ತಾರೆ. ಇಲ್ಲಿ ಗರ್ಭಗುಡಿಯಿಲ್ಲ, ಎದುರಿಗಿರುವ ನೀರೇ ದೇವರು. ಪತ್ರಿಕೆಗಳಲ್ಲಿ ಮರುದಿನ ಬರುವ ಚಿತ್ರ ಇಷ್ಟನ್ನೇ ತೋರಿಸುತ್ತದೆ. ಈ ಆಚರಣೆಯನ್ನು ಭಕ್ತಿಯ ಲೆಕ್ಕಕ್ಕೆ ಮಾತ್ರ ಬರೆದರೆ ಅರ್ಧ ಕೈಬಿಟ್ಟಂತೆ. ಯಾರ ಪಟ್ಟಾ ಜಾಗವೂ ಅಲ್ಲದ ಕಡಲಿಗೆ ಎಲ್ಲರೂ ಒಟ್ಟಿಗೆ ಇಳಿಯೋಣ ಎಂಬ ಒಪ್ಪಂದವನ್ನು ಊರು ವರ್ಷಕ್ಕೊಮ್ಮೆ ಬಹಿರಂಗವಾಗಿ ನವೀಕರಿಸುವುದು ಆ ದಿನವೇ.

ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ, ಅದನ್ನರಿತೇ ಹಿರಿಯರು ಹುಣ್ಣಿಮೆಯವರೆಗೆ ಕಡಲಿಗೆ ರಜೆ ಕೊಟ್ಟರು ಎಂದು ವೇದಿಕೆಗಳಲ್ಲಿ ಹೇಳುವುದುಂಟು. ಕೇಳಲು ಚೆಂದ, ಪೂರ್ತಿ ಒಪ್ಪುವುದು ಕಷ್ಟ. ಅಬ್ಬರದ ಅಲೆ ದಾಟಲಾಗದೆ ದೋಣಿಗಳು ದಡದಲ್ಲಿ ಉಳಿಯುತ್ತಿದ್ದವು. ಕಡಲು ಕೊಂಚ ತಣಿದರೆ ನಾಡದೋಣಿಗಳು ಮಳೆಯಲ್ಲೇ ಇಳಿಯುತ್ತಿದ್ದವು, ಈಗಲೂ ಇಳಿಯುತ್ತವೆ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಕಾನೂನೇ ವಿನಾಯಿತಿ ಕೊಟ್ಟಿದೆ. ಬಂಗುಡೆ, ಬೂತಾಯಿಗಳ ಸಂತತಿಗೆ ಆ ಬಿಡುವಿನಿಂದ ಒಳ್ಳೆಯದಾಗಿರಬಹುದು. ಅದನ್ನು ಮುಂದಾಲೋಚನೆಯೆಂದು ಹೊಗಳುವುದು ಮಾತ್ರ ಅತಿಯಾಯಿತು.

ಒಪ್ಪಂದದ ಮಾತಿಗೆ ಆಧಾರ ಬೇರೆ ಕಡೆ ಇದೆ. ರಂಪಣಿ ಬಲೆಯನ್ನೇ ನೋಡಿ. ದೋಣಿಯಲ್ಲಿ ಒಯ್ದು ಮೀನಿನ ಹಿಂಡನ್ನು ಬಳಸಿ ಬಿಟ್ಟ ಆ ಉದ್ದನೆಯ ಬಲೆಯ ಎರಡು ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಸೇರಿ ಎಳೆಯಬೇಕಿತ್ತು. ಒಂದು ಮನೆಯ ಕೈಲಾಗುವ ಕೆಲಸವಲ್ಲ. ಬಲೆಯ ತುಂಡು ತಂದವರಿಗೂ ಎಳೆದವರಿಗೂ ಪಾಲಿತ್ತು. ಇಂಥ ಕಸುಬಿನಲ್ಲಿ ಇಳಿಯುವ ದಿನವನ್ನು ಒಬ್ಬೊಬ್ಬರೇ ಗೊತ್ತುಮಾಡಿಕೊಳ್ಳುವಂತಿರಲಿಲ್ಲ, ಊರು ಸೇರಿಯೇ ನಿಶ್ಚಯಿಸಬೇಕಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ದಡಕ್ಕೆ ಬರುವ ಹಿಂಡು ನಡುಗಡಲಲ್ಲೇ ಬಲೆಗೆ ಬಿತ್ತು, ರಂಪಣಿ ಮೂಲೆ ಸೇರಿತು. ಪೂಜೆ ಉಳಿಯಿತು. ಈಗ ಯಾಂತ್ರಿಕ ಬೋಟುಗಳನ್ನು ತಡೆಯುವುದು ಸರ್ಕಾರದ ಆದೇಶ: ಪಶ್ಚಿಮ ಕರಾವಳಿಯಲ್ಲಿ 2015ರಿಂದ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಹುಣ್ಣಿಮೆ ಬಿದ್ದದ್ದು 2024ರಲ್ಲಿ ಆಗಸ್ಟ್ 19ಕ್ಕೆ, 2025ರಲ್ಲಿ ಆಗಸ್ಟ್ 9ಕ್ಕೆ. ನಡುವಿನ ದಿನಗಳಲ್ಲಿ ಬೋಟು ಬಿಟ್ಟರೆ ದಂಡ ಹಾಕುವವರಿಲ್ಲ. ಆದರೂ ಪೂಜೆ ಮುಗಿಯಲಿ ಎಂದು ಕಾಯುವವರಿದ್ದಾರೆ. ಅಷ್ಟು ದಿನಗಳ ಸಂಪಾದನೆಯನ್ನೂ ಬಿಟ್ಟು ಕಾಯುವಂತೆ ಮಾಡುವ ಬಲ ನೆರೆಹೊರೆಯ ಮಾತಿಗೆ ಇನ್ನೂ ಇದೆ ಎಂದಾಯಿತು.

ಆ ನೆರೆಹೊರೆಯೇ ಈಗ ಎಲ್ಲಿದೆ ಎಂದು ಕೇಳುವವರೂ ಇದ್ದಾರೆ. ಬೋಟಿನ ಮಾಲೀಕ ದಕ್ಕೆಯಲ್ಲಿರುತ್ತಾನೆ, ಬೋಟಿನಲ್ಲಿ ದುಡಿಯುವ ಕಲಾಸಿಗಳಲ್ಲಿ ಅನೇಕರು ಒಡಿಶಾ, ಆಂಧ್ರದಿಂದ ಬಂದವರು, ಹಾಲೆರೆದ ಕೈಯೇ ವಾರ ಕಳೆಯುವುದರೊಳಗೆ ಬೆರಳುದ್ದದ ಮರಿಮೀನನ್ನು ಫಿಶ್‌ಮೀಲ್ ಕಾರ್ಖಾನೆಗೆ ತೂಗಿ ಕೊಡುತ್ತದೆ, ಹಾಗಿರುವಾಗ ಪೂಜೆ ಬರೀ ತೋರಿಕೆ ಎಂಬುದು ಅವರ ಆಕ್ಷೇಪ. ಇದರಲ್ಲಿ ಹುರುಳಿದೆ. ದಡದಲ್ಲಿ ಬುಟ್ಟಿ ಹಿಡಿದು ಕಾಯುವ, ಮೀನು ಮಾರಿ ಮನೆ ನಡೆಸುವ ಹೆಂಗಸರ ಮಾತು ಪೂಜೆಯ ದಿನ ಮುಂಚೂಣಿಗೆ ಬರುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಬಹುದು. ಹಾಗೆಂದು ಪೂಜೆಯನ್ನು ತಳ್ಳಿಹಾಕಿದರೆ ಉಳಿಯುವುದು ಕಾನೂನೊಂದೇ. ಪ್ರಖರ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿತು. ಆದರೂ ನಾಡದೋಣಿಯವರ ದೂರು ಇಂದಿಗೂ ನಿಂತಿಲ್ಲ. ರಾತ್ರಿ ನಡುಗಡಲಲ್ಲಿ ಪ್ರತಿ ಬೋಟಿನ ಹಿಂದೆ ಅಧಿಕಾರಿಯನ್ನು ಕಳಿಸಲಾಗದು. ಯಾರು ದೀಪ ಹಚ್ಚಿದರೆಂಬುದು ಪಕ್ಕದ ಬೋಟು ನಡೆಸುವ ತಂಡೇಲನಿಗೆ ಗೊತ್ತಿರುತ್ತದೆ, ಎದುರಾಡುವ ಅಧಿಕಾರವೂ ಅವನಿಗಿದೆ. ಮೀನುಗಾರ ಸಂಘಗಳ ಮುಖಂಡರು ಪ್ರತಿ ವರ್ಷ ಈ ದಿನ ಒಂದೇ ಕಿನಾರೆಯಲ್ಲಿ ನಿಲ್ಲುತ್ತಾರೆ. ದೀಪ ಹಚ್ಚುವುದಿಲ್ಲ, ಮರಿಮೀನು ಬಾಚುವುದಿಲ್ಲ ಎಂಬ ಎರಡು ಮಾತನ್ನು ಮುಂದಿನ ಹುಣ್ಣಿಮೆಯ ಪ್ರಾರ್ಥನೆಗೆ ಅವರು ಸೇರಿಸಲಿ, ಎಲ್ಲರಿಗೂ ಕೇಳುವಂತೆ ಹೇಳಲಿ.