ಮೂಗಿಗಿಂತ ಮೂಗುತಿ ಭಾರವೇ? ಹಳೆಯ ಕಾರಿನ ಟರ್ಬೊ ಕೆಟ್ಟಾಗ

ಕಾಚಿಗೂಡದಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಊರಿನ ನಂಟಿಗಾಗಿಯೇ ಕಾರನ್ನು ಇಟ್ಟುಕೊಂಡವರು. ರಾಯಚೂರಿನಲ್ಲಿರುವ ವೃದ್ಧ ಮಾತೃಶ್ರೀಯವರನ್ನು ವೈದ್ಯರಲ್ಲಿಗೆ ಕರೆತರಲೆಂದು ನಾನೂ ಒಂದು ಡೀಸೆಲ್ ಕಾರನ್ನು 14 ವರ್ಷಗಳಿಂದ ಸಾಕಿದ್ದೇನೆ. ಕಳೆದ ವರ್ಷ ಅದರ ಟರ್ಬೊ ಕೆಟ್ಟಿತು. ಅಗ್ಗವೆಂದು ಮಾಡಿಸಿದ ದುರಸ್ತಿ ಎರಡೇ ತಿಂಗಳು ಬಾಳಿ, ತಾಯಿಯವರು ಕಾರಿನಲ್ಲಿರುವಾಗಲೇ ಮಹಬೂಬ್‌ನಗರದ ಬಳಿ ಕೈಕೊಟ್ಟಿತು. ನಾನು ಯಂತ್ರಶಾಸ್ತ್ರಜ್ಞನಲ್ಲ, ವಾಣಿಜ್ಯ ಪದವೀಧರ. ಆದರೂ ಆ ನಷ್ಟದಿಂದ ಕಲಿತದ್ದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ತತ್ತ್ವವೇ ಟರ್ಬೊಗೆ ಮೂಲ. ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೆಚ್ಚು ಗಾಳಿಯನ್ನು ಎಂಜಿನ್ನಿಗೆ ಒತ್ತುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಈ ದಂಡವು ಎಣ್ಣೆಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಕೊಳಕಾದರೆ ಅಥವಾ ಅದರ ಕೊಳವೆ ಕರಿಗಟ್ಟಿ ಮುಚ್ಚಿಕೊಂಡರೆ ಟರ್ಬೊ ಸವೆದು ಹಾಳಾಗುತ್ತದೆ. ಆದುದರಿಂದ ಟರ್ಬೊ ಕೆಡುವುದು ಬಹುಪಾಲು ಲಕ್ಷಣ ಮಾತ್ರ. ರೋಗದ ಮೂಲ ಬೇರೆಡೆ ಇರುತ್ತದೆ. ನನ್ನ ಕಾರಿನಲ್ಲಿ ಆದದ್ದೂ ಇದೇ. ಒಳಗಿನ ಭಾಗವನ್ನಷ್ಟೇ ಬದಲಾಯಿಸಿದರು. ಹಳೆಯ ಎಣ್ಣೆಯ ಕೊಳವೆ ಹಾಗೆಯೇ ಉಳಿಯಿತು.

ಮೊದಲು ರೋಗನಿದಾನವಾಗಲಿ. ಎಳೆತ ಕುಂದಿ ಕಪ್ಪು ಹೊಗೆ ಬಂದರೆ ಗಾಳಿಯ ರಬ್ಬರ್ ಕೊಳವೆ ಸೀಳಿರಲೂಬಹುದು. ಅದರ ವೆಚ್ಚ ಅಲ್ಪ. ನೀಲಿ ಹೊಗೆ, ಸೈರನ್ನಿನಂತಹ ಸದ್ದು, ಎಣ್ಣೆಯ ಇಳಿತ, ದಂಡದ ಅಲುಗಾಟ ಕಂಡರೆ ಟರ್ಬೊ ಮೇಲೆ ಸಂದೇಹಪಡಬೇಕು. ಆಗ ಕಾರನ್ನು ಓಡಿಸುತ್ತಲೇ ಇರುವುದು ಅಪಾಯಕರ. ಸೋರಿದ ಎಣ್ಣೆಯನ್ನೇ ಉರಿಸಿಕೊಂಡು ಡೀಸೆಲ್ ಎಂಜಿನ್, ಕೀಲಿ ತೆಗೆದರೂ ನಿಲ್ಲದೆ ಹುಚ್ಚೆದ್ದು ಓಡುವ ಸಂಭವವುಂಟು.

ಇನ್ನು ಲೆಕ್ಕದ ವಿಚಾರ. ಕಾರು ಕೊಂಡ ಬೆಲೆಯನ್ನೂ ಹಿಂದೆ ಮಾಡಿದ ಖರ್ಚನ್ನೂ ಮರೆಯಬೇಕು. ಅವು ಮರಳಿ ಬಾರವು. ಉದಾಹರಣೆಗೆ, ಸುಸ್ಥಿತಿಯಲ್ಲಿ 1,50,000 ರೂಪಾಯಿ ಬಾಳುವ ಕಾರಿಗೆ ಕೆಟ್ಟ ಸ್ಥಿತಿಯಲ್ಲಿ 95,000 ಸಿಗುವುದೆಂದುಕೊಳ್ಳೋಣ. ವ್ಯತ್ಯಾಸ 55,000. ಸಮಗ್ರ ದುರಸ್ತಿಗೆ 35,000 ಆದರೆ ಮಾಡಿಸುವುದು ಲಾಭಕರ. ಕ್ಲಚ್, ಟೈರುಗಳೂ ಸೇರಿ 65,000 ತಲುಪಿದರೆ, ಇನ್ನೂ ಕೆಲವು ವರ್ಷ ನಿಮಗದು ನಿಶ್ಚಿತವಾಗಿ ಬೇಕಿದ್ದರೆ ಮಾತ್ರ ಮುಂದುವರಿಯಿರಿ. ಇಲ್ಲವಾದರೆ ಮೂಗಿಗಿಂತ ಮೂಗುತಿಯೇ ಭಾರವಾದೀತು. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿದು ನವೀಕರಣ ಬೇಕಾಗುವುದೆಂಬುದೂ ನೆನಪಿರಲಿ.

ಸಮಗ್ರ ದುರಸ್ತಿ ಎಂದರೆ ಏನು? ಹೊಸ ಎಣ್ಣೆ ಹಾಗೂ ಶೋಧಕ, ಹೊಸ ಎಣ್ಣೆ ಕೊಳವೆ, ಮುರಿದ ಚೂರುಗಳು ಉಳಿಯದಂತೆ ಗಾಳಿಮಾರ್ಗದ ಶುದ್ಧಿ, ಸಮತೋಲನ ಪರೀಕ್ಷಿಸಿದ ಒಳಭಾಗ, ಬರಹದಲ್ಲಿ ಕೊಟ್ಟ ಖಾತರಿ. “ಏಕೆ ಕೆಟ್ಟಿತು?” ಎಂಬ ಪ್ರಶ್ನೆಗೆ ಉತ್ತರಿಸದ ಮೆಕ್ಯಾನಿಕ್ಕನ ಅಗ್ಗದ ದರವನ್ನು ಒಪ್ಪಲಾಗದು.

ಎರಡನೆಯ ಬಾರಿ ನಾನು ಇಷ್ಟನ್ನೂ ಮಾಡಿಸಿದೆ. ಆದರೆ ಅಗ್ಗದ ಮೊದಲ ಬಿಲ್ಲನ್ನೂ ಕೂಡಿಸಿದಾಗ ಲೆಕ್ಕ ನನಗೆ ವಿರುದ್ಧವಾಗಿಯೇ ನಿಂತಿತು. ದೂರ ಓಡಿದ ಬಳಿಕ ಒಂದು ನಿಮಿಷ ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಟ್ಟು ಆರಿಸುವುದು, ಕಾಲಕ್ಕೆ ಸರಿಯಾಗಿ ಎಣ್ಣೆ ಬದಲಾಯಿಸುವುದು ಈಗ ನಮ್ಮ ಮನೆಯ ನಿಯಮ. ದೇಹಕ್ಕಾಗಲಿ ಯಂತ್ರಕ್ಕಾಗಲಿ, ಪಥ್ಯವೇ ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.